ಆಲ್ಬಮ್
ಹೆಬ್ಬಗೋಡಿಯ ಪಿಜಿಯಲ್ಲಿ ಮಂಚಕ್ಕೆ ಮಂಚ ತಾಗಿಸಿ ಮಲಗುವ ಹುಡುಗರಿಗೆ ಆಲ್ಬಮ್ ಎಂದರೆ ಹಾಡುಗಳ ಗೊಂಚಲು. ಊರಲ್ಲಿರುವ ಅಮ್ಮನಿಗೆ ಬೀರುವಿನಲ್ಲಿಟ್ಟ ಮದುವೆ ಫೋಟೊಗಳ ದಪ್ಪ ಪುಸ್ತಕ. ಎರಡೂ ಸರಿಯೇ.

ಲ್ಯಾಟಿನ್ನಿನ ‘ಆಲ್ಬಸ್’ ಅಂದರೆ ಬಿಳಿ. ರೋಮಿನಲ್ಲಿ ಪ್ರಕಟಣೆ ಬರೆದು ನಿಲ್ಲಿಸುತ್ತಿದ್ದ ಬಿಳಿ ಹಲಗೆಯೇ ಆಲ್ಬಮ್. ಮುಂದೆ ಗೆಳೆಯರ ಹಸ್ತಾಕ್ಷರ ಕೂಡಿಡುವ ಖಾಲಿ ಪುಸ್ತಕಕ್ಕೆ, ಆಮೇಲೆ ಫೋಟೊ ಪುಸ್ತಕಕ್ಕೆ ಆ ಹೆಸರು ಬಂತು. ಸಂಗೀತಕ್ಕೆ ದಾಟಿದ ಬಗೆ ಇನ್ನೂ ಸ್ವಾರಸ್ಯ. ಗ್ರಾಮಫೋನಿನ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರ್ನಾಲ್ಕು ನಿಮಿಷ. ಹಾಗಾಗಿ ಹಲವು ತಟ್ಟೆಗಳನ್ನು ಫೋಟೊ ಪುಸ್ತಕದಂಥ ರಟ್ಟಿನ ಹೊದಿಕೆಯಲ್ಲಿಟ್ಟು ಮಾರಿದರು. 1948ರಲ್ಲಿ ಹೆಚ್ಚು ಹೊತ್ತು ಓಡುವ ಎಲ್‌ಪಿ ಬಂದು ಎಲ್ಲ ಒಂದೇ ತಟ್ಟೆಗೆ ಇಳಿದರೂ ಹೆಸರು ಮಾತ್ರ ಇಳಿಯಲಿಲ್ಲ.

ಕ್ಯಾಸೆಟ್ ಕಾಲದಲ್ಲಿ ಕನ್ನಡ ‘ಧ್ವನಿಸುರುಳಿ’ ಕಟ್ಟಿಕೊಂಡಿತ್ತು. ಚೆಂದದ ಪದ, ಸಿಡಿ ಬಂದಾಗ ಪಾಪ, ಸುರುಳಿಯೇ ಇಲ್ಲ! ಆಲ್ಬಮ್ ಮಾತ್ರ ಉಳಿಯಿತು. 2008ರಲ್ಲಿ ಗಾಯಕ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ ತಂದರು: ಗಿಟಾರಿನ ಜೊತೆ ಶಿಶುನಾಳ ಶರೀಫರ ತತ್ವಪದ, ಪಕ್ಕದಲ್ಲೇ ಹಿಂದಿ, ಇಂಗ್ಲಿಷ್ ಹಾಡು. ಅರ್ಧ ಊರು, ಅರ್ಧ ಬೆಂಗಳೂರಾಗಿ ಮೊದಲ ಸಂಬಳ ಎಣಿಸುವ ವಯಸ್ಸಿಗೆ ಅಳತೆ ತೆಗೆದು ಹೊಲಿಸಿದಂತಿದೆ. ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಮೊದಲ ಹಾಡಿನಿಂದ ಕೊನೆಯದರವರೆಗೆ ಕೇಳಿ ಮುಗಿಸಬಹುದು. ಕೆಲವು ಸಂಜೆ ಎರಡು ಸಲ.