ಎನ್-ರೋಡ್ಸ್

ಜಾಗತಿಕ ಹವಾಮಾನ ಬದಲಾವಣೆಯನ್ನು ಕಲಿಸಲು ಬಳಸುವ ಉಚಿತ ಆನ್‌ಲೈನ್ ಸಿಮ್ಯುಲೇಟರ್. ಅಮೆರಿಕದ ಕ್ಲೈಮೇಟ್ ಇಂಟರಾಕ್ಟಿವ್ ಸಂಸ್ಥೆ ಮತ್ತು ಎಂಐಟಿಯ ಸ್ಲೋನ್ ಮ್ಯಾನೇಜ್‌ಮೆಂಟ್ ಶಾಲೆಯವರು ವೆಂಟಾನಾ ಸಿಸ್ಟಮ್ಸ್ ಜೊತೆಗೂಡಿ ಇದನ್ನು ರೂಪಿಸಿದರು. 2019ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಬಳಕೆಗೆ ಬಂತು. ಬ್ರೌಸರಿನಲ್ಲೇ ನಡೆಯುತ್ತದೆ.

ಕಾರ್ಯವಿಧಾನ: ಪರದೆಯ ಮೇಲ್ಭಾಗದಲ್ಲಿ ಜಗತ್ತಿನ ಇಂಧನ ಬಳಕೆ ಮತ್ತು ಹಸಿರುಮನೆ ಅನಿಲಗಳ ರೇಖಾನಕ್ಷೆಗಳು, ಪಕ್ಕದಲ್ಲಿ 2100ರ ಹೊತ್ತಿಗೆ ಉಷ್ಣಾಂಶ ಎಷ್ಟು ಏರಬಹುದೆಂಬ ಅಂಕಿ ಇರುತ್ತವೆ. ಕೆಳಗೆ ಕಲ್ಲಿದ್ದಲು, ನವೀಕರಿಸಬಹುದಾದ ಇಂಧನ, ಇಂಗಾಲದ ಬೆಲೆ, ಸಾರಿಗೆ, ಅರಣ್ಯನಾಶ, ಜನಸಂಖ್ಯೆ ಮೊದಲಾದವುಗಳ ಸ್ಲೈಡರ್‌ಗಳಿವೆ. ಯಾವುದನ್ನು ಸರಿಸಿದರೂ ರೇಖಾನಕ್ಷೆಯೂ ಅಂಕಿಯೂ ಕೂಡಲೇ ಬದಲಾಗುತ್ತವೆ.

ಬೋಧನೆಯಲ್ಲಿ ಬಳಕೆ: ವಿದ್ಯಾರ್ಥಿ ಮೊದಲು ಊಹಿಸಿ, ಆಮೇಲೆ ಸ್ಲೈಡರ್ ಸರಿಸಿ ಪರೀಕ್ಷಿಸುವುದು ಇದರ ಕ್ರಮ. ಕಲ್ಲಿದ್ದಲಿನ ಮೇಲೆ ತೆರಿಗೆ ಏರಿಸಿದರೆ ಅದರ ಬಳಕೆ ಕುಸಿಯುತ್ತದೆ; ಆದರೆ ಆ ಜಾಗವನ್ನು ಒಂದಿಷ್ಟು ನೈಸರ್ಗಿಕ ಅನಿಲವೇ ತುಂಬುವುದರಿಂದ ಲಾಭ ಎಣಿಸಿದಷ್ಟು ಸಿಗುವುದಿಲ್ಲ. ಗಿಡ ನೆಡುವುದನ್ನು ಗರಿಷ್ಠಕ್ಕೆ ಒಯ್ದರೂ ಉಷ್ಣಾಂಶ ಇಳಿಯುವುದು ಅತ್ಯಲ್ಪ. ಮರ ಬೆಳೆದು ಇಂಗಾಲ ಹೀರಲು ದಶಕಗಳು ಬೇಕು, ಅಪಾರ ಭೂಮಿಯೂ ಬೇಕು. ಒಂದೇ ಕ್ರಮ ಸಾಲದು, ಹಲವು ಸೇರಬೇಕು ಎಂಬುದು ಹೀಗೆ ಮನದಟ್ಟಾಗುತ್ತದೆ. ತರಗತಿಯನ್ನು ಸರ್ಕಾರಗಳು, ಇಂಧನ ಕಂಪನಿಗಳು, ಕೃಷಿ ವಲಯ, ಹವಾಮಾನ ನ್ಯಾಯದ ಹೋರಾಟಗಾರರು ಎಂದು ಗುಂಪು ಮಾಡಿ ಸಂಧಾನ ನಡೆಸುವ ಪಾತ್ರಾಭಿನಯವೂ ಇದರೊಂದಿಗೆ ಬಳಕೆಯಲ್ಲಿದೆ.

ಮಿತಿ: ಇದು ಇಡೀ ಜಗತ್ತನ್ನು ಒಂದೇ ಘಟಕವಾಗಿ ಲೆಕ್ಕಿಸುತ್ತದೆ, ಒಂದು ರಾಜ್ಯದ ಮಳೆ, ಬರಗಳನ್ನು ತಿಳಿಸದು. ದೇಶಗಳ ಗುಂಪುವಾರು ಹೊರಸೂಸುವಿಕೆ ತಿಳಿಯಲು ಇದೇ ಸಂಸ್ಥೆಗಳ ಸಿ-ರೋಡ್ಸ್ ಇದೆ.