ಭಟ್ಟಿ

ಚಿತ್ರದುರ್ಗ, ಹೊಳಲ್ಕೆರೆ ಕಡೆಯವರಿಗೆ ಭಟ್ಟಿ ಎಂದರೆ ಮೊದಲು ನೆನಪಾಗುವುದು ಮಂಡಕ್ಕಿ. ಕಾದ ಮರಳಿಗೆ ಅಕ್ಕಿ ಬಿದ್ದದ್ದೇ ತಡ, ಚಟಪಟ ಅರಳಿ ಮೇಲೆದ್ದಿರುತ್ತದೆ. ಪದದ ಹಳೆಯ ಅರ್ಥವೂ ಇದೇ: ಸಂಸ್ಕೃತದ 'ಭ್ರಾಷ್ಟ್ರ' ಎಂದರೆ ಕಾಳು ಹುರಿಯುವ ಬಾಣಲೆ. ಅದೇ ಪ್ರಾಕೃತದಲ್ಲಿ ಸವೆದು ನಮ್ಮ ಭಟ್ಟಿಯಾಯಿತು. ಬಾಯಿಮಾತಿನಲ್ಲಿ ಬಟ್ಟಿ.

ಸಾರಾಯಿಯ ಸಹವಾಸ ಆಮೇಲಿನದು. ಈಚಲ ಹೆಂಡಕ್ಕೆ ಭಟ್ಟಿ ಬೇಡ, ಮಡಕೆಯಲ್ಲಿ ತಾನೇ ಹುಳಿಯುತ್ತದೆ. ಸಾರಾಯಿಗೆ ಬೇಕು. ಆವಿ ಮೇಲೇರಿ, ತಣಿದು, ಹನಿಹನಿಯಾಗಿ ಕೆಳಗಿಳಿಯುವುದರಿಂದ 'ಭಟ್ಟಿ ಇಳಿಸು'. ಇಂಗ್ಲಿಷಿನ 'ಡಿಸ್ಟಿಲ್'ಗೆ ಮೂಲವಾದ ಲ್ಯಾಟಿನ್ನಿನ 'ಡೆಸ್ಟಿಲ್ಲಾರೆ'ಗೂ ತೊಟ್ಟಿಕ್ಕು ಎಂದೇ ಅರ್ಥ! 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಮಾತು ನಿಲ್ಲಲಿಲ್ಲ.

ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ ಕೂಡ ಭಟ್ಟಿ ಇಳಿಸಿದ್ದೇ. ಅಮೆರಿಕದ ಬೂರ್ಬನ್ ತುಂಬಿದ್ದ ಓಕ್ ಪೀಪಾಯಿಗಳೂ ಅದನ್ನು ಮಾಗಿಸುತ್ತವೆ. ಪೀಪಾಯಿಯಿಂದ ತೆಗೆದ ಮೇಲೆ ನೀರು ಬೆರೆಸಿ ಹದಕ್ಕಿಳಿಸದ 'ಕಾಸ್ಕ್ ಸ್ಟ್ರೆಂತ್' ಅಮೃತ್‌ನಲ್ಲಿ ಮದ್ಯಸಾರ ಶೇ. 61.8. ಬಲ್ಲವರು ಗಟಗಟ ಕುಡಿಯುವುದಿಲ್ಲ. ಮೂಸುತ್ತಾರೆ, ತುಟಿಗೆ ಸೋಕಿಸುತ್ತಾರೆ, ನಾಲ್ಕು ಹನಿ ನೀರು ಬಿಟ್ಟು ಕಾಯುತ್ತಾರೆ. ಆಗ ಉರಿ ಇಳಿದು ವಾಸನೆ ಬಿಚ್ಚಿಕೊಳ್ಳುತ್ತದೆ. ನಾಟಿ ಸಾರಾಯಿ ಕುಡಿದವರು ಇದಕ್ಕೆ ನಕ್ಕಾರು.

ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ಕದ್ದರೂ 'ಭಟ್ಟಿ ಇಳಿಸಿದ' ಅನ್ನುತ್ತೇವೆ. ಈ ಪ್ರಯೋಗ ನನಗೆ ಸರಿಕಾಣದು. ಭಟ್ಟಿಯಲ್ಲಿ ಸಾರ ಇಳಿದು ಚರಟ ಉಳಿಯುತ್ತದೆ. ನಕಲಿನಲ್ಲಿ ಕಾಗುಣಿತದ ತಪ್ಪೂ ಹಾಗೇ ಇಳಿದು ಬರುತ್ತದೆ.