ವಿರೂಪ ಗಡಸುತನ
ಕಾಯಿಸದೆ ಬಡಿದಾಗ, ಬಗ್ಗಿಸಿದಾಗ ಇಲ್ಲವೆ ಎಳೆದಾಗ ಲೋಹ ಇನ್ನಷ್ಟು ಗಟ್ಟಿಯಾಗುವ ಗುಣ. ವರ್ಕ್ ಹಾರ್ಡನಿಂಗ್ ಎಂದೂ ಹೆಸರು. ಶಿಕಾರಿಪುರ, ಸೊರಬ ಕಡೆಯ ಬಚ್ಚಲುಮನೆಯ ತಾಮ್ರದ ಹಂಡೆ ಇದಕ್ಕೆ ಕೈಗೆಟಕುವ ಉದಾಹರಣೆ. ಸುತ್ತಿಗೆಯ ಏಟು ಬಿದ್ದಂತೆಲ್ಲ ಮೆದು ತಗಡು ಬಿರುಸಾಗುತ್ತದೆ. ಇನ್ನೂ ಬಡಿದರೆ ಅಂಚು ಸೀಳುತ್ತದೆ. ಅದಕ್ಕೇ ತಾಮ್ರದ ಕೆಲಸಗಾರರು ನಡುನಡುವೆ ಅದನ್ನು ಕೆಂಪಗೆ ಕಾಯಿಸಿ ಮೆದು ಮಾಡಿಕೊಳ್ಳುತ್ತಾರೆ. ಕಡೆಯ ಸುತ್ತಿನ ತಣ್ಣನೆಯ ಬಡಿತವೇ ಹಂಡೆಗೆ ಬಿಗಿ ಕೊಡುವುದು. ಕಮ್ಮಾರರು ಕೆಂಪಗೆ ಕಾದ ನೇಗಿಲಿನ ಕುಳವನ್ನು ಹಣಿಯುವುದು ಬೇರೆ. ಅಷ್ಟು ಬಿಸಿಯಲ್ಲಿ ಈ ಗಡಸು ನಿಲ್ಲದು.

ಕಾರಣ ಲೋಹದ ಹರಳುಗಳ ಒಳಗಿದೆ. ಪರಮಾಣುಗಳ ಸಾಲಿನಲ್ಲಿ ‘ಸ್ಥಾನಪಲ್ಲಟ’ ಎಂಬ ಎಳೆಯಂಥ ದೋಷಗಳಿರುತ್ತವೆ. ಅವು ಜಾರುವುದರಿಂದಲೇ ಲೋಹ ಬಾಗುತ್ತದೆ. ಇದನ್ನು 1934ರಲ್ಲಿ ವಿಜ್ಞಾನಿಗಳಾದ ಟೇಲರ್, ಒರೊವಾನ್, ಪೊಲಾನ್ಯಿ ಬೇರೆಬೇರೆಯಾಗಿ ಸೂಚಿಸಿದರು. ಬಡಿದಷ್ಟೂ ದೋಷಗಳು ಹೆಚ್ಚಿ ಒಂದಕ್ಕೊಂದು ಸಿಕ್ಕುಬೀಳುತ್ತವೆ, ಜಾರಲು ದಾರಿ ಸಿಗುವುದಿಲ್ಲ. ಅವುಗಳ ಸಾಂದ್ರತೆ 4 ಪಟ್ಟಾದರೆ ಅವು ತರುವ ಬಲ ಸುಮಾರು 2 ಪಟ್ಟು. ದೋಷವೇ ಬಲ ತರುವ ಈ ಸಂಗತಿ ಲೋಹಶಾಸ್ತ್ರದ ಬಹು ಸುಂದರ ವಿಷಯಗಳಲ್ಲೊಂದು. ಸೀಸದ ಹರಳುಗಳು ಮಾತ್ರ ಕೋಣೆಯ ಉಷ್ಣತೆಯಲ್ಲೇ ಹೊಸದಾಗಿ ಕಟ್ಟಿಕೊಳ್ಳುವುದರಿಂದ ಅದು ಬಡಿದರೂ ಮೆದುವಾಗಿಯೇ ಉಳಿಯುತ್ತದೆ. ಎಳೆದ ಪ್ಲಾಸ್ಟಿಕ್ ಚೀಲ ಬಿಗಿಯುವ ಬಗೆ ಬೇರೆ: ಅಲ್ಲಿ ಉದ್ದನೆಯ ಅಣುಸರಪಳಿಗಳು ಎಳೆದ ದಿಕ್ಕಿಗೆ ಸಾಲುಗೂಡುತ್ತವೆ.